ಕೊನೆಯ ದಿನಾಂಕವಿಲ್ಲದ ರಜೆ

ಮಂಗಳವಾರ, ಬೆಳಿಗ್ಗೆ

ನಮ್ಮ ಮನೆಯವರಿಗೆ,

ಈ ಕಾಗದವನ್ನು ಹೇಗೆ ಶುರು ಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದ್ದಾಯಿತು. ಮೊದಲನೆಯದರಲ್ಲಿ ‘ಮಾನ್ಯ ಮಾಲೀಕರಿಗೆ’ ಎಂದು ಬರೆದೆ. ಓದಿ ನೋಡಿದರೆ ಕೋಪದ ಕಾಗದದಂತೆ ಕಂಡಿತು. ನನಗೀಗ ಕೋಪವಿಲ್ಲ; ಇದ್ದರೂ ಅದನ್ನು ಎಲ್ಲಿಟ್ಟಿದ್ದೇನೆಂದು ನೆನಪಿಲ್ಲ. ಎರಡನೆಯದರಲ್ಲಿ ‘ಪ್ರೀತಿಯ’ ಎಂದು ಬರೆದು, ಅದರ ಮುಂದೆ ಏನು ಹಾಕಬೇಕೆಂದು ಹೊಳೆಯದೆ ಪೆನ್ನು ಕಚ್ಚುತ್ತ ಕುಳಿತೆ. ಮದುವೆಯಾದಂದಿನಿಂದ ನಿಮ್ಮನ್ನು ‘ರೀ’ ಎಂದೇ ಕರೆದವಳು ನಾನು. ಅದನ್ನು ಕಾಗದದ ತಲೆಯ ಮೇಲೆ ಬರೆದರೆ ಅಡುಗೆಮನೆಯಿಂದ ಕೂಗಿದ ಹಾಗಿರುತ್ತದೆ. ಕೊನೆಗೆ ಬೇರೆಯವರ ಹತ್ತಿರ ನಿಮ್ಮನ್ನು ಏನೆಂದು ಹೇಳುತ್ತಿದ್ದೆನೋ ಅದನ್ನೇ ಬರೆದಿದ್ದೇನೆ. ಸರಿಯೋ ತಪ್ಪೋ ನೀವೇ ನೋಡಿಕೊಳ್ಳಿ.

ನಿಮ್ಮ ಕಾಗದವೂ ಅದರೊಳಗೆ ಮಡಿಸಿಟ್ಟ ಆಡಿಟರ ಹಾಳೆಯೂ ಅಕ್ಕನ ವಿಳಾಸಕ್ಕೆ ಬಂದು ನನ್ನ ಕೈ ಸೇರಿವೆ. ನಾನು ಮನೆ ಬಿಟ್ಟು ಬಂದ ಈ ಎಂಟು ತಿಂಗಳಲ್ಲಿ ಇದು ನಿಮ್ಮ ಎರಡನೆಯ ಕಾಗದ. ಮೊದಲನೆಯದು ಗ್ಯಾಸಿನ ಪುಸ್ತಕ ಎಲ್ಲಿದೆಯೆಂದು ಕೇಳಿದ್ದು. ಸಿಕ್ಕಿತೋ ಇಲ್ಲವೋ ನೀವು ಆಮೇಲೆ ತಿಳಿಸಲೇ ಇಲ್ಲ. ಕ್ಷೇಮವಾಗಿದ್ದೇನೆ ಎಂದು ಬರೆದಿದ್ದೀರಿ, ಆದರೆ ಸಾಲುಗಳೆಲ್ಲ ಬಲಗಡೆಗೆ ಜಾರಿವೆ. ಸರಿಯಾಗಿ ಊಟ ಮಾಡದಿದ್ದಾಗ ನಿಮ್ಮ ಸಾಲು ಹಾಗೆ ಇಳಿಯುತ್ತದೆ. ಡಿಪೋದ ಕ್ಯಾಂಟೀನಿನಲ್ಲಿ ತಿನ್ನುತ್ತಿದ್ದೀರೆಂದು ಕಾಣುತ್ತದೆ. ಇರಲಿ, ಅದು ಈ ಕಾಗದದ ವಿಷಯವಲ್ಲ.

ವಿಷಯಕ್ಕೆ ಬರುತ್ತೇನೆ. ನೀವು ಬರೆದದ್ದು ನನಗೆ ತಿಳಿದಷ್ಟನ್ನು ಇಲ್ಲಿ ತಿರುಗಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ನಿಮಗೆ ಬಸ್ ಡಿಪೋದ ಉಗ್ರಾಣದಲ್ಲಿ ಬಿಡಿಭಾಗಗಳನ್ನು ನೋಡಿಕೊಳ್ಳುವ ಕೆಲಸದ ಸಂಬಳವಿದೆ. ಅದರ ಮೇಲೆ ಬೇಕರಿ ಹಿಂದಿನ ಗಲ್ಲಿಯ ನಮ್ಮ ಕಟ್ಟಡದ ನಾಲ್ಕು ಪುಟ್ಟ ಮನೆಗಳ ಬಾಡಿಗೆ ಬರುತ್ತದೆ. ಆ ಬಾಡಿಗೆಯಲ್ಲಿ ಸಾಲದ ಬಡ್ಡಿ, ಕಂದಾಯ, ರಿಪೇರಿ ಖರ್ಚು ಕಳೆದು ಮಿಕ್ಕದ್ದಕ್ಕೆ ತೆರಿಗೆ ಕಟ್ಟುತ್ತೀರಿ. ಕಳೆದ ಆರು ವರ್ಷಗಳಿಂದ ಇನ್ನೊಂದು ಖರ್ಚನ್ನೂ ಕಳೆಯುತ್ತಿದ್ದೀರಿ: ಮನೆಗಳ ಉಸ್ತುವಾರಿ ನೋಡುವ ಮ್ಯಾನೇಜರ ಸಂಬಳ. ಆ ಮ್ಯಾನೇಜರು ಯಾರೆಂದು ತೆರಿಗೆ ಕಚೇರಿಯವರು ಈಗ ನೋಡಿದ್ದಾರೆ. ನೋಡಿದರೆ ಹೆಂಡತಿ.

ಅವರು ಕೇಳಿದ್ದು ಹೀಗೆ. ಈಕೆ ನಿಜವಾಗಿ ಕೆಲಸ ಮಾಡಿದ್ದಾಳೆಯೇ, ಅಥವಾ ತೆರಿಗೆ ಉಳಿಸಲು ಮನೆ ಖರ್ಚಿನ ಹಣಕ್ಕೆ ಸಂಬಳವೆಂದು ಹೆಸರಿಟ್ಟಿದ್ದೀರೋ? ಮಾಡಿದ್ದರೆ ಈಗಲೂ ಮಾಡುತ್ತಿದ್ದಾಳೆಯೇ? ಅವರು ಮನೆಗೆ ಫೋನ್ ಮಾಡಿದಾಗ ನೀವು, ಅವಳು ಊರಲ್ಲಿಲ್ಲ, ಎಂಟು ತಿಂಗಳಾಯಿತು, ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿರಿ. ಸುಳ್ಳು ಹೇಳಲು ಬಾರದವರು ಫೋನ್ ಎತ್ತಬಾರದು. ಊರಲ್ಲೇ ಇಲ್ಲದ ಮ್ಯಾನೇಜರಿಗೆ ತಿಂಗಳು ತಿಂಗಳು ಸಂಬಳ ಹೋಗುತ್ತಿರುವುದು ಅವರಿಗೆ ಅನುಮಾನ ತಂದಿದೆ. ಈ ತಿಂಗಳ ಕೊನೆಯೊಳಗೆ ಬರಹದಲ್ಲಿ ಉತ್ತರ ಕೊಡದಿದ್ದರೆ ಆರು ವರ್ಷದ ಸಂಬಳವನ್ನೂ ಒಪ್ಪುವುದಿಲ್ಲವಂತೆ. ಆಗ ತೆರಿಗೆ, ಅದರ ಬಡ್ಡಿ, ಮೇಲೊಂದು ದಂಡ, ಎಲ್ಲ ಸೇರಿ ಕಟ್ಟಡವನ್ನು ಮಾರದೆ ಬೇರೆ ದಾರಿಯಿಲ್ಲವೆಂದು ನೀವು ಬರೆದಿದ್ದೀರಿ. ಆ ಸಾಲು ಎಲ್ಲಕ್ಕಿಂತ ಹೆಚ್ಚು ಜಾರಿತ್ತು.

ಇದಕ್ಕೆ ಆಡಿಟರು ಕಂಡುಕೊಂಡ ಸುಲಭದ ದಾರಿ ಈ ಬೆರಳಚ್ಚಿನ ಹಾಳೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬಾಡಿಗೆ ಮನೆಗಳ ಉಸ್ತುವಾರಿಯ ಕೆಲಸದಲ್ಲಿದ್ದ ನಾನು ಆ ಕೆಲಸವನ್ನು ಇಂಥ ದಿನ ಬಿಟ್ಟೆ ಎಂದು ಅದರಲ್ಲಿದೆ. ದಿನಾಂಕದ ಜಾಗದಲ್ಲಿ ಖಾಲಿ ಗೆರೆ, ಕೆಳಗೆ ಸಹಿಗೆ ಇನ್ನೊಂದು ಗೆರೆ. ನಾನು ಮನೆಯಿಂದ ಹೊರಟ ದಿನವನ್ನೇ ಬರೆದರೆ ಅದರ ಹಿಂದಿನ ಸಂಬಳವೆಲ್ಲ ಉಳಿಯುತ್ತದೆ, ಈಚಿನ ಎಂಟು ತಿಂಗಳದ್ದು ಮಾತ್ರ ಹೋಗುತ್ತದೆ, ದಂಡ ಸಣ್ಣದು, ಕಟ್ಟಡ ನಮ್ಮದೇ. ‘ದಿನಾಂಕ ಹಾಕಿ ಸಹಿ ಮಾಡಿ ಕಳಿಸು, ಸಾಕು’ ಎಂದು ಬರೆದಿದ್ದೀರಿ.

ಸಾಕು ಎಂದು ನೀವು ಎಷ್ಟು ಸುಲಭವಾಗಿ ಬರೆದಿರಿ. ನಾನು ಆ ಹಾಳೆಯನ್ನು ಮುಂದಿಟ್ಟುಕೊಂಡು ನಿನ್ನೆಯಿಂದ ಕುಳಿತಿದ್ದೇನೆ. ತಲೆ ಚಿಟ್ಟು ಹಿಡಿದಿದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ದೊಡ್ಡವರು ಹೇಳಿದರು. ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆದು ನೋಡು ಎಂದು ಯಾರೂ ಹೇಳಿರಲಿಲ್ಲ.

ನಿಮಗೆ ನೆನಪಿದೆಯೋ ಇಲ್ಲವೋ, ಈ ಕೆಲಸ ನಾನಾಗಿ ಕೇಳಿದ್ದಲ್ಲ. ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತು ರೋಗಿಗಳಿಗೆ ಚೀಟಿ ಬರೆದುಕೊಟ್ಟು ನಾನು ಸುಖವಾಗಿದ್ದೆ. ಅಲ್ಲಿ ಎಲ್ಲರೂ ನನ್ನ ಮುಖಕ್ಕೆ ಮುಖ ತಂದು ಮಾತಾಡುತ್ತಿದ್ದರು, ಅವರಿಗೆ ಕಾಣುತ್ತಿರಲಿಲ್ಲವಲ್ಲ, ಅದಕ್ಕೆ. ಕಟ್ಟಡ ಕೊಂಡ ಮೇಲೆ ನೀವು ಡಿಪೋ ಬಿಟ್ಟು ಬರುವಂತಿರಲಿಲ್ಲ, ಬಾಡಿಗೆದಾರರು ಆಸ್ಪತ್ರೆಗೇ ಫೋನ್ ಮಾಡಿ ನಲ್ಲಿ ಸೋರುತ್ತಿದೆ ಎಂದು ನನಗೆ ಹೇಳತೊಡಗಿದರು. ಡಾಕ್ಟರು ಒಂದು ದಿನ, ಇದು ಕಣ್ಣಿನ ಆಸ್ಪತ್ರೆಯೋ ನಲ್ಲಿಯ ಆಸ್ಪತ್ರೆಯೋ ಎಂದು ಕೇಳಿದರು. ಆಗಲೇ ಆಡಿಟರು, ಹೆಂಡತಿ ಗಂಡನ ಹತ್ತಿರ ಸಂಬಳಕ್ಕೆ ಇರಬಹುದು, ಕೆಲಸ ನಿಜವಾಗಿರಬೇಕು, ಸಂಬಳ ಹೊರಗಿನವರಿಗೆ ಕೊಡುವಷ್ಟೇ ಇರಬೇಕು, ಬ್ಯಾಂಕಿನ ಮೂಲಕ ಹೋಗಬೇಕು ಎಂದರು. ನೀವು ಉಗ್ರಾಣದಲ್ಲಿ ಬೇರಿಂಗಿಗೆ ಚೀಟಿ ಬರೆಯುವ ಶ್ರದ್ಧೆಯಿಂದಲೇ ನನಗೊಂದು ನೇಮಕದ ಪತ್ರ ಬರೆದುಕೊಟ್ಟಿರಿ. ಅಂದಿನಿಂದ ಮನೆಯಲ್ಲೂ ನನ್ನನ್ನು ‘ಮ್ಯಾನೇಜರೇ’ ಎಂದು ಕರೆಯತೊಡಗಿದಿರಿ. ನನಗೂ ಅದು ಚೆನ್ನಾಗಿಯೇ ಇತ್ತು. ಮೊದಲ ಸಂಬಳದಲ್ಲಿ ನಿಮಗೆ ಒಂದು ಜೊತೆ ಚಪ್ಪಲಿ ತಂದೆ, ನೀವು ಅದಕ್ಕೆ ರಶೀದಿ ಕೇಳಿದಿರಿ. ನಾವಿಬ್ಬರೂ ಎಷ್ಟು ನಕ್ಕೆವು.

ಈಗ ತೆರಿಗೆಯವರು ದಿನಕ್ಕೆ ಎಷ್ಟು ಹೊತ್ತು ಕೆಲಸ ಮಾಡುತ್ತಿದ್ದೆ ಎಂದು ಕೇಳಿದ್ದಾರಲ್ಲ, ಅದನ್ನು ಯೋಚಿಸಹೋದರೆ ತಲೆಬುಡ ತಿಳಿಯುವುದಿಲ್ಲ. ಕೆಳಗಿನ ಮನೆಯ ಟೈಲರ್ ಹೆಂಡತಿಗೆ ಹೆರಿಗೆ ನೋವು ಬಂದಾಗ ಆಟೋ ತಂದವಳು ನಾನು. ಅದು ಉಸ್ತುವಾರಿಯೇ? ಮೇಲಿನ ಮನೆಯ ಮೇಷ್ಟ್ರು ಬಾಡಿಗೆ ಕೊಡುವ ನೆಪದಲ್ಲಿ ಕೂರಿಸಿಕೊಂಡು ತಮ್ಮ ಹಳೆಯ ಶಿಷ್ಯರ ಕಥೆ ಹೇಳುತ್ತಿದ್ದರು, ನಾನು ಪೂರ್ತಿ ಕೇಳುತ್ತಿದ್ದೆ. ಕೇಳದಿದ್ದರೆ ಅವರು ಬಾಡಿಗೆಯ ಕವರು ಕೈಗೆ ಕೊಡುತ್ತಿರಲಿಲ್ಲ. ಸಂಜೆ ನಿಮಗೆ ಚಹಾ ಕೊಡುತ್ತ, ಟ್ಯಾಂಕು ತೊಳೆಸಿದ್ದಾಯಿತು, ಕೆಳಗಿನ ನರ್ಸ್ ಹುಡುಗಿಯರ ಕಿಟಕಿಗೆ ಹೊಸ ಚಿಲಕ ಹಾಕಿಸಿದ್ದಾಯಿತು ಎಂದು ಹೇಳುತ್ತಿದ್ದೆ. ನೀವು ಚಹಾ ಕುಡಿಯುತ್ತ ಹ್ಞೂಂ ಎನ್ನುತ್ತಿದ್ದಿರಿ. ಆಗ ನಾನು ಮಾಲೀಕರಿಗೆ ವರದಿ ಒಪ್ಪಿಸುತ್ತಿದ್ದೆನೋ, ಗಂಡನ ಹತ್ತಿರ ಹರಟುತ್ತಿದ್ದೆನೋ? ಚಹಾವನ್ನು ಯಾವ ಲೆಕ್ಕಕ್ಕೆ ಹಾಕುವುದು? ಎರಡೂ ಎಳೆ ಒಂದಕ್ಕೊಂದು ಸುತ್ತಿಕೊಂಡಿವೆ, ನನ್ನಿಂದ ಬಿಡಿಸಲಾಗಲಿಲ್ಲ.

ಸ್ವಲ್ಪ ನಿಲ್ಲಿಸುತ್ತೇನೆ. ಮೋಟಾರು ಆರಿಸಿ ಬರಬೇಕು, ಟ್ಯಾಂಕು ತುಂಬಿ ಹರಿಯುವ ಸದ್ದು ಕೇಳುತ್ತಿದೆ. ಅಕ್ಕನ ಮನೆಯಲ್ಲೂ ಮೋಟಾರು ಇರುತ್ತದೆ, ಆಶ್ಚರ್ಯಪಡಬೇಡಿ.

ಮಧ್ಯಾಹ್ನ

ಊಟವಾಯಿತು. ಎಲ್ಲಿ ನಿಲ್ಲಿಸಿದ್ದೆ? ಚಹಾ.

ಈಗ ಆ ದಿನದ ಮಾತು. ಅದನ್ನು ಬರೆಯಬಾರದೆಂದಿದ್ದೆ, ಆದರೆ ಖಾಲಿ ಗೆರೆಯಲ್ಲಿ ಬರೆಯಬೇಕಾಗಿರುವುದು ಅದೇ ದಿನಾಂಕವಾದ್ದರಿಂದ ಬಿಟ್ಟರೆ ನಡೆಯದು. ಮೇಲಿನ ಹಿಂಬದಿಯ ನಾಲ್ಕನೆಯ ಮನೆಯ ಗೋಡೆ ಒದ್ದೆಯಾಗಿ ವರ್ಷವಾಗಿತ್ತು. ಬಂದು ನೋಡಿದವರೆಲ್ಲ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು, ಮನೆ ಖಾಲಿ ಬಿದ್ದಿತ್ತು. ಗೋಡೆ ಒಡೆದು ಒಳಗಿನ ಪೈಪು ಬದಲಿಸಬೇಕೆಂದು ನಾನು ಎಷ್ಟು ಸಲ ಹೇಳಿದರೂ ನೀವು ಆಡಿಟರನ್ನು ಕೇಳಬೇಕು ಎನ್ನುತ್ತಿದ್ದಿರಿ. ಕೊನೆಗೆ ನನ್ನನ್ನೂ ಅವರ ಕಚೇರಿಗೆ ಕರೆದುಕೊಂಡು ಹೋದಿರಿ. ಆ ಕಚೇರಿ ಗೊತ್ತಲ್ಲ, ಒಂದು ಮೇಜು, ಮೂರು ಕುರ್ಚಿ, ಫೈಲುಗಳ ನಡುವೆ ಫ್ಯಾನಿನ ಗಾಳಿಗೂ ದಾರಿಯಿಲ್ಲ.

ಅಲ್ಲಿ ನನಗೆ ತಿಳಿದದ್ದು ಇಷ್ಟು. ತುಂಡು ಪೈಪು ಬದಲಿಸಿದರೆ ಅದು ರಿಪೇರಿ, ಖರ್ಚನ್ನೆಲ್ಲ ಆ ವರ್ಷದ ಬಾಡಿಗೆಯಲ್ಲೇ ಕಳೆಯಬಹುದು. ಪೈಪನ್ನೆಲ್ಲ ಹೊಸದು ಹಾಕಿ ಗೋಡೆಗೂ ಹೊಸ ಗಾರೆ ಮಾಡಿಸಿದರೆ ಅದು ಸುಧಾರಣೆ, ಖರ್ಚು ಮನೆಯ ಬೆಲೆಗೆ ಸೇರಿ ವರ್ಷವರ್ಷವೂ ಚೂರುಚೂರಾಗಿ ಕಳೆಯುತ್ತದೆ. ನಮ್ಮ ಗೋಡೆ ಯಾವುದಕ್ಕೆ ಸೇರಿದ್ದು ಎಂದು ನೀವಿಬ್ಬರೂ ಬಹಳ ಹೊತ್ತು ಮಾತಾಡಿದಿರಿ. ಆಡಿಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಹೀಗೂ ಹೇಳಬಹುದು, ಹಾಗೂ ಹೇಳಬಹುದು ಎಂದರು. ಬೇಕಾದರೆ ಅರ್ಧ ಗೋಡೆ ಈ ವರ್ಷ, ಅರ್ಧ ಗೋಡೆ ಮುಂದಿನ ವರ್ಷ ಒಡೆಯಿರಿ ಎಂದೂ ಹೇಳಿದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ನೀರಿಗೆ ಆಡಿಟರ ಲೆಕ್ಕ ಗೊತ್ತಿಲ್ಲ, ಅದು ಇಳಿಯುತ್ತಲೇ ಇರುತ್ತದೆ, ಒಂದು ಸಲ ಬಂದು ಆ ಗೋಡೆಗೆ ಕೈ ಇಟ್ಟು ನೋಡಿ ಎಂದೆ. ನೀವು ಕಟ್ಟಡಕ್ಕೆ ಕಾಲಿಟ್ಟದ್ದು ಕೊಂಡ ದಿನ ಒಮ್ಮೆ, ಬಣ್ಣ ಹೊಡೆಸಿದಾಗ ಒಮ್ಮೆ. ಆ ಗಲ್ಲಿಯಲ್ಲಿ ಸ್ಕೂಟರು ತಿರುಗುವುದಿಲ್ಲ ಎನ್ನುವುದು ನಿಮ್ಮ ಯಾವತ್ತಿನ ಮಾತು.

ಆಗ ನೀವು ಆಡಿಟರ ಮುಂದೆ ಆ ಮಾತು ಅಂದಿರಿ. “ನೋಡು, ಸಂಬಳ ತಗೊಳ್ಳೋಳು ನೀನು. ತೀರ್ಮಾನ ತಗೊಳ್ಳೋನು ನಾನು.”

ನೀವು ತಮಾಷೆಗೆ ಅಂದಿರಬಹುದು. ಆಡಿಟರು ನಕ್ಕರು, ಆದ್ದರಿಂದ ತಮಾಷೆಯೇ ಇರಬೇಕು. ನನಗೆ ಮಾತ್ರ ಅಷ್ಟು ವರ್ಷ ಮಾಡಿದ್ದನ್ನೆಲ್ಲ ನಾನು ಯಾರೆಂದುಕೊಂಡು ಮಾಡಿದ್ದೆ ಎನ್ನುವುದೇ ತಿಳಿಯದಾಯಿತು. “ಸಂಬಳದವರಿಗೆ ರಜೆ ಇರುತ್ತಲ್ಲ. ಹಾಗಾದ್ರೆ ನಂಗೆ ರಜೆ ಬೇಕು” ಎಂದೆ. ನೀವು ತಲೆ ಎತ್ತದೆ, “ಬರೆದು ಕೊಡು” ಎಂದಿರಿ.

ಬರೆದುಕೊಟ್ಟೆ. ಆಡಿಟರ ಮೇಜಿನ ಮೇಲಿನ ಹಾಳೆಯಲ್ಲೇ, ಅವರದೇ ಪೆನ್ನಿನಲ್ಲಿ. ಇಂದಿನಿಂದ ರಜೆ ಬೇಕು ಎಂದು ಬರೆದೆ, ಎಂದಿನವರೆಗೆ ಎಂದು ಬರೆಯಲಿಲ್ಲ. ಅದು ನನಗೇ ಗೊತ್ತಿರಲಿಲ್ಲ. ನೀವು ಓದಿ ಸಹಿ ಹಾಕಿದಿರಿ. ಯಾವ ಗಂಡ ಹೆಂಡತಿಯ ರಜೆ ಚೀಟಿಗೆ ಸಹಿ ಹಾಕುತ್ತಾನೆ ಎಂದು ಅಕ್ಕ ಈಗಲೂ ಕೇಳುತ್ತಾಳೆ. ಯಾವ ಹೆಂಡತಿ ಬರೆದುಕೊಡುತ್ತಾಳೆ ಎಂದು ಅವಳು ಕೇಳುವುದಿಲ್ಲ, ಅಕ್ಕ ನನ್ನ ಕಡೆಯವಳು.

ಅದೇ ಸಂಜೆ ಚೀಲ ತುಂಬಿಕೊಂಡು ಅಕ್ಕನ ಮನೆಗೆ ಹೋದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಅವಳು ತಟ್ಟೆ ಹಾಕಿದಳು. ಉಂಡೆ, ಮಲಗಿದೆ, ಎದ್ದೆ. ನೀವು ಬರುತ್ತೀರೆಂದು ಬಾಗಿಲ ಸದ್ದಿಗೆಲ್ಲ ಕಿವಿ ಕೊಟ್ಟೆ. ಬಂದದ್ದು ತಿಂಗಳ ಮೊದಲ ದಿನ ನನ್ನ ಖಾತೆಗೆ ಸಂಬಳ. ಅದನ್ನು ನೋಡಿ ಮೊದಲು ಉರಿದುಹೋಯಿತು. ಆಮೇಲೆ, ಮರೆತಿಲ್ಲ ಎಂದುಕೊಂಡು ಸ್ವಲ್ಪ ಅತ್ತೆ. ಮರುತಿಂಗಳು ಮತ್ತೆ ಬಂತು, ಅದರ ಮರುತಿಂಗಳೂ ಬಂತು. ಇದು ಪ್ರೀತಿಯೋ, ಪದ್ಧತಿಯೋ, ಬ್ಯಾಂಕಿನ ಯಂತ್ರ ತಾನಾಗಿಯೇ ಕಳಿಸುತ್ತಿದೆಯೋ, ಒಂದೂ ಗೊತ್ತಾಗಲಿಲ್ಲ. ಕೇಳೋಣವೆಂದರೆ ಫೋನಿನಲ್ಲಿ ನೀವು ಹ್ಞೂಂ ಎನ್ನುತ್ತೀರಿ, ಅಷ್ಟೇ.

ನಿಮ್ಮ ಈ ಕಾಗದದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಮೂರನೆಯ ಪುಟದ ಕೊನೆಯಲ್ಲಿ, ಬೇರೇನೋ ಹೇಳುತ್ತ ಮಧ್ಯೆ ಬರೆದಿದ್ದೀರಿ: ರಜೆ ಮಂಜೂರಾಗಿತ್ತು, ಆದ್ದರಿಂದ ಸಂಬಳ ನಿಲ್ಲಿಸಲಿಲ್ಲ, ಅದು ಯಾವಾಗ ಮುಗಿಯುತ್ತದೆಂದು ನೀನು ಬರೆದಿರಲಿಲ್ಲ, ರಜೆಯಲ್ಲಿರುವವರನ್ನು ಕರೆಯುವುದು ಸರಿಯಲ್ಲವೆಂದು ಕರೆಯಲಿಲ್ಲ. ಇದನ್ನು ಓದಿ ಕಾಗದವನ್ನು ಮಡಿಸಿದೆ, ಮತ್ತೆ ಬಿಚ್ಚಿ ಅದೇ ಸಾಲನ್ನು ಓದಿದೆ. ಎಂಟು ತಿಂಗಳು ನಾನು ನೀವು ಬರಲಿ ಎಂದು ಕಾದೆ, ನೀವು ನನ್ನ ರಜೆ ಮುಗಿಯಲಿ ಎಂದು ಕಾದಿರಿ. ನಮ್ಮಿಬ್ಬರಲ್ಲಿ ಹೆಚ್ಚು ಪೆದ್ದರು ಯಾರೆಂದು ಯೋಚಿಸಿದೆ. ಅದೂ ತೀರ್ಮಾನವಾಗಲಿಲ್ಲ.

ಆದರೆ ಅದರ ಕೆಳಗೇ ಇನ್ನೊಂದು ಮಾತಿದೆ. ನನಗೆ ಸಮಾಧಾನವಾಗಲೆಂದು ಬರೆದಿದ್ದೀರಿ, ಅದು ಗೊತ್ತು. ‘ನೀನಿಲ್ಲದಿದ್ದರೂ ಮನೆಗಳಿಗೆ ಏನೂ ತೊಂದರೆಯಾಗಿಲ್ಲ, ಎಲ್ಲ ತಾನಾಗಿಯೇ ನಡೆಯುತ್ತಿದೆ, ಒಂದು ದೂರೂ ಬಂದಿಲ್ಲ’ ಎಂದು. ಖಾಲಿ ಬಿದ್ದಿದ್ದ ನಾಲ್ಕನೆಯ ಮನೆಗೂ ಬಾಡಿಗೆದಾರರು ಸಿಕ್ಕಿದ್ದಾರೆ, ಟೈಲರನ ಅತ್ತಿಗೆಯಂತೆ, ಒಂಟಿ ಹೆಂಗಸು, ಒಂದನೇ ತಾರೀಕಿಗೆ ಸರಿಯಾಗಿ ಬಾಡಿಗೆ ಹಾಕುತ್ತಾಳೆ, ಇದು ಬೇಕು ಅದು ಬೇಕು ಎಂದು ಒಂದು ದಿನ ಕೇಳಿದವಳಲ್ಲ, ಬಾಡಿಗೆದಾರರೆಂದರೆ ಹೀಗಿರಬೇಕು, ಎಂದು ಅವಳನ್ನು ಅರ್ಧ ಪುಟ ಹೊಗಳಿದ್ದೀರಿ. ನನ್ನನ್ನು ಅಷ್ಟು ಹೊಗಳಿದ್ದು ನನಗೆ ನೆನಪಿಲ್ಲ.

ತಾನಾಗಿಯೇ ನಡೆಯುತ್ತಿದೆ ಎಂದಿರಲ್ಲ. ನಿಮ್ಮ ಉಗ್ರಾಣದಲ್ಲಿ ಒಂದು ಬೋಲ್ಟು ತಾನಾಗಿಯೇ ಕಪಾಟಿನಿಂದ ಇಳಿದು ಬಸ್ಸಿಗೆ ಹೋಗಿ ಕೂತುಕೊಂಡದ್ದನ್ನು ನೋಡಿದ್ದೀರಾ? ಮೇಷ್ಟ್ರ ಮನೆಯ ಮೀಟರು ಸುಟ್ಟು ಎರಡು ದಿನ ಕತ್ತಲಾಗಿತ್ತು, ಅದು ತಾನಾಗಿ ಹೊತ್ತಿಕೊಂಡಿತೇ? ನರ್ಸ್ ಹುಡುಗಿಯರಲ್ಲಿ ಒಬ್ಬಳು ಬಿಟ್ಟುಹೋಗಿ ಇನ್ನೊಬ್ಬಳು ಬಂದಳು, ಅವಳ ಗುರುತಿನ ಕಾಗದ ತಾನಾಗಿ ನಿಮ್ಮ ಫೈಲಿಗೆ ಬಂತೇ? ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ಟೈಲರು ಹೇಳುತ್ತಾನೆ ಎಂದಿಟ್ಟುಕೊಳ್ಳಿ.

ಹೀಗೆ ನಾನು ಆ ಗೆರೆಯ ಮುಂದೆ ಕುಳಿತಿದ್ದೇನೆ. ಅತ್ತ ದರಿ, ಇತ್ತ ಪುಲಿ. ದಿನಾಂಕ ಹಾಕದಿದ್ದರೆ ಕಟ್ಟಡ ಹೋಗುತ್ತದೆ, ಕಟ್ಟಡದ ಜೊತೆ ಟೈಲರು, ಮೇಷ್ಟ್ರು, ಹುಡುಗಿಯರು ಎಲ್ಲರೂ ಗಂಟುಮೂಟೆ ಕಟ್ಟಬೇಕು. ಇನ್ನು ಹಾಕಿದರೆ? ನಾನು ಹೊರಟ ದಿನವನ್ನು ‘ಬಿಟ್ಟ ದಿನ’ ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿ ಸರ್ಕಾರಕ್ಕೆ ಕೊಟ್ಟ ಹಾಗಾಗುತ್ತದೆ. ಕೆಲಸ ಬಿಟ್ಟದ್ದು ಎಂದು ಆಡಿಟರು ಹೇಳುತ್ತಾರೆ. ಓದುವವರಿಗೆ ಹಾಗೆ ಕಾಣಬಹುದು. ನನಗೆ ಹಾಗೆ ಕಾಣುತ್ತಿಲ್ಲ. ನಿಮ್ಮನ್ನು ಬಿಟ್ಟೆನೆಂದು ನಾನು ಇವತ್ತಿನವರೆಗೆ ಯಾರ ಹತ್ತಿರವೂ ಹೇಳಿಲ್ಲ, ಕನ್ನಡಿಯ ಮುಂದೆ ನಿಂತೂ ಹೇಳಿಕೊಂಡಿಲ್ಲ. ಆ ಮಾತನ್ನು ಮೊದಲ ಸಲ ತೆರಿಗೆ ಕಚೇರಿಗೆ ಹೇಳಬೇಕೆಂದರೆ ಕೈ ಬರುವುದಿಲ್ಲ. ನೀವು ಅದನ್ನು ಯೋಚಿಸದೆಯೇ ಕಳಿಸಿದ್ದಿರೋ, ಅಥವಾ ಯೋಚಿಸಿಯೇ ಕಳಿಸಿದ್ದಿರೋ ಎನ್ನುವುದೇ ನನ್ನ ದೊಡ್ಡ ಗೊಂದಲ. ನಿಮ್ಮ ಕಾಗದವನ್ನು ಎಷ್ಟು ಸಲ ಓದಿದರೂ ಅದು ತಿಳಿಯಲಿಲ್ಲ.

ಆದರೂ ಪ್ರಯತ್ನ ಮಾಡಿದೆ, ಸುಳ್ಳಲ್ಲ. ರಜೆ ಚೀಟಿ ಬರೆದ ದಿನವನ್ನು ನೆನೆದೆ. ಅಂದು ಅಕ್ಕನ ಮನೆ ತಲುಪಿದ ಮೇಲೆ ಪ್ಲಂಬರಿಗೆ ಫೋನ್ ಮಾಡಿ, ನಾಳೆ ಮೇಷ್ಟ್ರ ಮನೆಗೆ ಹೋಗಲೇಬೇಕು ಎಂದು ಗದರಿಸಿದ್ದೆ. ಹಾಗಾದರೆ ಅಂದು ಬಿಟ್ಟಿರಲಿಲ್ಲ. ಮರುದಿನ ನೆನೆದೆ, ಆ ವಾರ ನೆನೆದೆ, ಆ ತಿಂಗಳು ನೆನೆದೆ. ಒಂದೊಂದು ದಿನಕ್ಕೂ ಏನೋ ಒಂದು ಅಂಟಿಕೊಂಡೇ ಇದೆ. ಕೆಲಸ ಬಿಟ್ಟ ದಿನ ನನಗೆ ಸಿಗಲಿಲ್ಲ.

ಆದ್ದರಿಂದ ಆಡಿಟರ ಹಾಳೆಯಲ್ಲಿ ‘ಇಂಥ ದಿನ ಬಿಟ್ಟೆ’ ಎಂದಿರುವ ಕಡೆ ಗೆರೆ ಹೊಡೆದು, ‘ಬಿಟ್ಟಿಲ್ಲ’ ಎಂದು ಬರೆದು ಸಹಿ ಹಾಕಿದ್ದೇನೆ. ಅವರು ಬೈಯುತ್ತಾರೆ, ಬೈಯಲಿ. ತೆರಿಗೆಯವರು ಪರೀಕ್ಷೆ ಮಾಡಬೇಕೆಂದರೆ ಕಟ್ಟಡಕ್ಕೇ ಬಂದು ಯಾರನ್ನು ಬೇಕಾದರೂ ಕೇಳಲಿ. ಮೇಷ್ಟ್ರನ್ನು ಕೇಳಿದರೆ ಮಾತ್ರ ಸಂಜೆಯವರೆಗೆ ಬಿಡುವು ಮಾಡಿಕೊಂಡು ಬರಬೇಕು. ಇದರಿಂದ ಕಟ್ಟಡ ಉಳಿಯುತ್ತದೆಯೇ ಎಂದು ನನಗೆ ಗೊತ್ತಿಲ್ಲ. ನಿಜ ಹೇಳಿದರೆ ದಂಡ ಕಡಿಮೆಯೋ ಹೆಚ್ಚೋ ಎಂದು ಆಡಿಟರು ನನಗೆ ಯಾವತ್ತೂ ಹೇಳಿಕೊಟ್ಟಿಲ್ಲ.

ಊಟ ಸರಿಯಾಗಿ ಮಾಡಿ. ಗ್ಯಾಸಿನ ಪುಸ್ತಕ ಮೇಲಿನ ಡ್ರಾಯರಿನಲ್ಲಿಲ್ಲದಿದ್ದರೆ ಅಕ್ಕಿ ಡಬ್ಬದ ಹಿಂದೆ ನೋಡಿ.

ಇಂತಿ,
ಏನೆಂದು ಸಹಿ ಹಾಕಬೇಕೋ ಇನ್ನೂ ತಿಳಿಯದ
ನಿಮ್ಮವಳು

ಮರೆತ ಮಾತು: ಈ ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೀವು ಗಮನಿಸಿಯೇ ಇರುತ್ತೀರಿ, ಚೀಟಿಯಿಲ್ಲದ ವಸ್ತು ನಿಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಟೈಲರು ಬಟ್ಟೆ ಕೊಡಲು ನಿಮ್ಮ ಕಡೆ ಹೊರಟಿದ್ದ, ಅವನ ಕೈಯಲ್ಲೇ ಕಳಿಸಿದ್ದೇನೆ. ಅಕ್ಕನ ಮನೆಯಲ್ಲಿ ನಾನಿದ್ದದ್ದು ಎರಡೇ ವಾರ. ಮೂರನೆಯ ವಾರ ಟೈಲರು ಫೋನ್ ಮಾಡಿ, “ಅಮ್ಮಾ, ನೀವಿಲ್ದೆ ಯಾರ ಹತ್ರ ಹೇಳ್ಕೊಳ್ಳೋದು ಗೊತ್ತಾಗ್ತಿಲ್ಲ” ಎಂದ. ಒಂದು ದಿನದ ಮಟ್ಟಿಗೆಂದು ಈ ಕಟ್ಟಡಕ್ಕೆ ಬಂದೆ, ಖಾಲಿ ಮನೆಯೊಂದು ಇದ್ದೇ ಇತ್ತು, ಉಳಿದೆ. ಅವನಿಗೆ ಅತ್ತಿಗೆಯೇ ಇಲ್ಲ. ಕರಾರು ಪತ್ರದಲ್ಲಿ ನಿಮಗೆ ಬೇಕಾಗಿದ್ದ ಸಹಿಯನ್ನು ನಾನೇ ಎಡಗೈಯಲ್ಲಿ ಹಾಕಿದೆ. ನೀವು ಕೊಡುವ ಸಂಬಳದಲ್ಲೇ ಟೈಲರನ ಕೈಯಿಂದ ನಿಮಗೆ ಬಾಡಿಗೆ ಹಾಕಿಸುತ್ತಿದ್ದೇನೆ, ಇದಕ್ಕೆ ತೆರಿಗೆ ಯಾರು ಕಟ್ಟಬೇಕು ಎಂದು ಯೋಚಿಸಿದರೆ ತಲೆ ತಿರುಗುತ್ತದೆ, ಆಡಿಟರನ್ನು ಕೇಳಿ.

ಆ ರಜೆ ಚೀಟಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಕೆಲಸದಲ್ಲಿ ಅದರ ಒಂದು ದಿನವನ್ನೂ ಬಳಸಿಲ್ಲ. ಬಳಸಿದ್ದೆಲ್ಲ ನಿಮ್ಮಿಂದ ದೂರವಿರುವ ರಜೆ, ಅದು ಚೀಟಿಯಲ್ಲಿರಲಿಲ್ಲ, ಅದನ್ನು ಮುಗಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಈ ಕಟ್ಟಡದಲ್ಲಿ ಎಲ್ಲವನ್ನೂ ಸರಿಮಾಡಿಸಿದ್ದೇನೆ, ಆ ಒಂದು ಗೋಡೆಯನ್ನು ಬಿಟ್ಟು. ಅದರ ತೀರ್ಮಾನ ನಿಮ್ಮದು ಎಂದಿದ್ದಿರಿ. ಮಂಚವನ್ನು ಈಚೆಗೆ ಎಳೆದುಕೊಂಡು ಮಲಗುತ್ತಿದ್ದೇನೆ. ನಾಲ್ಕನೆಯ ಮನೆಯ ಬಾಡಿಗೆದಾರಳು ಇವತ್ತು ಮೊದಲ ಸಲ ಮಾಲೀಕರಿಗೆ ದೂರು ಕೊಡುತ್ತಿದ್ದಾಳೆ. ಸ್ಕೂಟರನ್ನು ಬೇಕರಿಯ ಮುಂದೆ ನಿಲ್ಲಿಸಿ ನಡೆದು ಬನ್ನಿ. ಗಂಟೆ ಕೆಟ್ಟಿದೆ, ಬಾಗಿಲು ತಟ್ಟಿ. ಮೊದಲು ಗೋಡೆಗೆ ಕೈ ಇಟ್ಟು ನೋಡಿ, ಅದು ರಿಪೇರಿಯೋ ಸುಧಾರಣೆಯೋ ಆಮೇಲೆ ಕೂತು ಮಾತಾಡೋಣ. ಚಹಾಕ್ಕೆ ನೀರಿಟ್ಟಿರುತ್ತೇನೆ.